ಲಿಥಿಯಂ ಸೇರಿಸಿದರೂ ಫಾಸ್ಫೇಟ್ ಗಾಜಿನ ವಾಹಕತೆ ಇಳಿದದ್ದೇಕೆ?

ಪ್ರಶ್ನೆ: ನಾನು ಎಂ.ಎಸ್ಸಿ. ಭೌತಶಾಸ್ತ್ರದ ವಿದ್ಯಾರ್ಥಿನಿ. ಪ್ರಾಜೆಕ್ಟ್‌ಗಾಗಿ ಲಿಥಿಯಂ ಆಕ್ಸೈಡ್, ವೆನೇಡಿಯಂ ಪೆಂಟಾಕ್ಸೈಡ್ ಮತ್ತು ಫಾಸ್ಫರಸ್ ಪೆಂಟಾಕ್ಸೈಡ್ ಸೇರಿಸಿ ಗಾಜು ಮಾಡಿದ್ದೇವೆ. ಎಲ್ಲ ಗಾಜುಗಳಲ್ಲೂ ಫಾಸ್ಫರಸ್ ಪೆಂಟಾಕ್ಸೈಡ್ 40 ಮೋಲ್ ಶೇಕಡ. ಉಳಿದ 60ರಲ್ಲಿ ವೆನೇಡಿಯಂ ಆಕ್ಸೈಡನ್ನು 60ರಿಂದ 20ಕ್ಕೆ ಇಳಿಸುತ್ತಾ, ಅದರ ಜಾಗಕ್ಕೆ ಲಿಥಿಯಂ ಆಕ್ಸೈಡ್ ಹಾಕಿದೆವು. ಲಿಥಿಯಂ ಹೆಚ್ಚಾದಂತೆ ವಾಹಕತೆ ಏರುತ್ತದೆ ಅಂದುಕೊಂಡಿದ್ದೆ. ಆದರೆ ಅದು ಮೊದಲು ಚೆನ್ನಾಗಿ ಇಳಿದು, ಆಮೇಲೆ ಏರಿತು. ಅಳತೆ ತಪ್ಪಿದೆಯೋ, ನಿಜವಾಗಿಯೂ ಹೀಗೆ ಆಗುತ್ತದೋ? ಇನ್‌ಫ್ರಾರೆಡ್ ಪಟ್ಟಿಗಳನ್ನು ಇದಕ್ಕೆ ಹೇಗೆ ಜೋಡಿಸಬೇಕು? ಇಂಥ ಗಾಜು ಬ್ಯಾಟರಿಗೆ ಬರುತ್ತದಾ?

ಉತ್ತರ: ಹೀಗೆ ನಿಜವಾಗಿಯೂ ಆಗುತ್ತದೆ. ಲಿಥಿಯಂ, ವೆನೇಡಿಯಂ, ಫಾಸ್ಫೇಟ್ ಮೂರೂ ಇರುವ ಗಾಜುಗಳಲ್ಲಿ ವಾಹಕತೆ ಒಂದು ಕಣಿವೆಗೆ ಇಳಿದು ಮತ್ತೆ ಏರುವುದನ್ನು ಹಲವು ಲ್ಯಾಬ್‌ಗಳು ಕಂಡಿವೆ. ಹಾಗಂತ ನಿಮ್ಮ ಅಳತೆಯನ್ನು ಈಗಲೇ ಒಪ್ಪಿಬಿಡಬೇಡಿ. ಕಣಿವೆ ಬಂದದ್ದು ಸರಿಯಾದ ಕಾರಣಕ್ಕೇ ಅಂತ ತೋರಿಸಬೇಕು. ಅದಕ್ಕೆ ನಿಮ್ಮ ಪತ್ರದಲ್ಲಿ ಇಲ್ಲದ ಒಂದು ಅಂಕಿ ಬೇಕು: ಪ್ರತಿ ಗಾಜಿನಲ್ಲಿರುವ ವೆನೇಡಿಯಂನಲ್ಲಿ ಎಷ್ಟು ಪಾಲು 4ರ ಸ್ಥಿತಿಯಲ್ಲಿದೆ, ಎಷ್ಟು ಪಾಲು 5ರ ಸ್ಥಿತಿಯಲ್ಲಿದೆ? (ಇವು ಉತ್ಕರ್ಷಣ ಸ್ಥಿತಿಗಳು. 5ರದ್ದಕ್ಕೆ ಒಂದು ಎಲೆಕ್ಟ್ರಾನ್ ಸೇರಿದರೆ 4ರದ್ದು.) ತೂಕ ಹಾಕುವಾಗ ನೀವು ಹಾಕಿದ್ದೆಲ್ಲ 5ರದ್ದೇ. ಕರಗಿ ಗಾಜಾದ ಮೇಲೆ ಅದು ಹಾಗೇ ಉಳಿದಿರುವುದಿಲ್ಲ. ಫಾಸ್ಫೇಟ್ ಗಾಜುಗಳ ಮೇಲೆ ಬರುವ ಎಷ್ಟೋ ಪ್ರಾಜೆಕ್ಟ್ ವರದಿಗಳಲ್ಲಿ ತೂಕದ ಅಂಕಿ ಇರುತ್ತದೆ, ವಾಹಕತೆಯ ಗ್ರಾಫ್ ಇರುತ್ತದೆ, ಇವೆರಡರ ನಡುವಿನ ಈ ಅಂಕಿ ಮಾತ್ರ ಇರುವುದಿಲ್ಲ. ಅದಿಲ್ಲದೆ ಗ್ರಾಫನ್ನು ಓದಲು ಹೋದರೆ ಊಹೆಯೇ ಗತಿ.

ಮೊದಲು ಗಾಜಿನ ರಚನೆಯನ್ನು ನೋಡೋಣ. ಫಾಸ್ಫರಸ್ ತನ್ನ ಸುತ್ತ ನಾಲ್ಕು ಆಕ್ಸಿಜನ್ ಇಟ್ಟುಕೊಳ್ಳುತ್ತದೆ. ಅದರಲ್ಲಿ ಒಂದು ಜೋಡಿ ಬಂಧದಿಂದ ಕೂತಿರುತ್ತದೆ. ಅದು ಯಾರಿಗೂ ಕೈ ಕೊಡುವುದಿಲ್ಲ. ಹಾಗಾಗಿ ಶುದ್ಧ ಫಾಸ್ಫರಸ್ ಪೆಂಟಾಕ್ಸೈಡ್ ಗಾಜಿನಲ್ಲೂ ಒಂದು ಫಾಸ್ಫರಸ್ಸಿಗೆ ಮೂರೇ ಸೇತುವೆ ಆಕ್ಸಿಜನ್, ಅಂದರೆ ಪಕ್ಕದ ಫಾಸ್ಫರಸ್ಸಿಗೆ ಬೆಸೆಯುವ ಆಕ್ಸಿಜನ್. ಸಿಲಿಕಾದಲ್ಲಿ ನಾಲ್ಕೂ ಕೈ ಜಾಲಕ್ಕೆ ಸೇರುತ್ತವೆ, ಇಲ್ಲಿ ಮೂರು. ಈ ಗಾಜು ಗಾಳಿಯ ತೇವವನ್ನು ಕಂಡರೆ ಬಿಡುವುದಿಲ್ಲ, ನೀರು ಹೀರಿ ಹಾಳಾಗುತ್ತದೆ. ಲೋಹದ ಆಕ್ಸೈಡ್ ಹಾಕಿದಾಗ ಫಾಸ್ಫರಸ್–ಆಕ್ಸಿಜನ್–ಫಾಸ್ಫರಸ್ ಸೇತುವೆಗಳು ಒಂದೊಂದಾಗಿ ತುಂಡಾಗುತ್ತವೆ. ಮೂರು ಸೇತುವೆ ಇದ್ದದ್ದು ಎರಡಾಗುತ್ತದೆ, ಆಗ ಉದ್ದನೆಯ ಸರಪಳಿಗಳು. ಒಂದಾಗುತ್ತದೆ, ಆಗ ಎರಡೆರಡರ ಜೋಡಿಗಳು. ಕೊನೆಗೆ ಒಂದೂ ಇಲ್ಲದೆ ಒಂಟಿ ಫಾಸ್ಫೇಟ್. ಪುಸ್ತಕಗಳಲ್ಲಿ ಇವನ್ನು ಕ್ಯೂ3, ಕ್ಯೂ2, ಕ್ಯೂ1, ಕ್ಯೂ0 ಎಂದು ಬರೆಯುತ್ತಾರೆ. ಒಂದು ಫಾಸ್ಫರಸ್ಸಿಗೆ ಎಷ್ಟು ಆಕ್ಸಿಜನ್ ಬಂತು ಎಂದು ಎಣಿಸಿದರೆ ಸಾಕು. 2.5 ಅಂದರೆ ಪೂರ್ತಿ ಜಾಲ, 3 ಅಂದರೆ ಮೆಟಾಫಾಸ್ಫೇಟ್ ಸರಪಳಿ, 3.5 ಅಂದರೆ ಪೈರೋಫಾಸ್ಫೇಟ್ ಜೋಡಿ, 4 ಅಂದರೆ ಆರ್ಥೋಫಾಸ್ಫೇಟ್.

ಈ ಎಣಿಕೆಯನ್ನು ನಿಮ್ಮ ಮೊದಲ ಗಾಜಿಗೆ ಹಾಕಿ ನೋಡಿ. 60 ವೆನೇಡಿಯಂ ಪೆಂಟಾಕ್ಸೈಡ್‌ನಿಂದ 300 ಆಕ್ಸಿಜನ್. 40 ಫಾಸ್ಫರಸ್ ಪೆಂಟಾಕ್ಸೈಡ್‌ನಿಂದ 200. ಒಟ್ಟು 500. ಫಾಸ್ಫರಸ್ 80. ಭಾಗಿಸಿದರೆ 6.25 ಬರುತ್ತದೆ! ಫಾಸ್ಫರಸ್ ಒಂದಕ್ಕೆ ನಾಲ್ಕಕ್ಕಿಂತ ಜಾಸ್ತಿ ಆಕ್ಸಿಜನ್ ಹಿಡಿಯುವುದೇ ಇಲ್ಲ. ಹಾಗಿದ್ದರೆ ಉಳಿದ ಆಕ್ಸಿಜನ್ ಎಲ್ಲಿ? ವೆನೇಡಿಯಂ ಹತ್ತಿರ. ಅಂದರೆ ನಿಮ್ಮ ಗಾಜಿನಲ್ಲಿ ವೆನೇಡಿಯಂ ಜಾಲವನ್ನು ಮುರಿಯಲು ಬಂದ ಹೊರಗಿನವನಲ್ಲ. ಜಾಲವನ್ನು ಕಟ್ಟುತ್ತಿರುವುದರಲ್ಲಿ ಅದಕ್ಕೇ ದೊಡ್ಡ ಪಾಲು. ವೆನೇಡಿಯಂ–ಆಕ್ಸಿಜನ್–ವೆನೇಡಿಯಂ, ವೆನೇಡಿಯಂ–ಆಕ್ಸಿಜನ್–ಫಾಸ್ಫರಸ್ ಸೇತುವೆಗಳೇ ಅಲ್ಲಿ ಹೆಚ್ಚು. ಎರಡು ಫಾಸ್ಫರಸ್‌ಗಳ ನಡುವಿನ ನೇರ ಸೇತುವೆ ಕಡಿಮೆ. ನಿಮ್ಮ ಸರಣಿಯ ಕೊನೆಯ ಗಾಜಿನಲ್ಲೂ (40 ಲಿಥಿಯಂ, 20 ವೆನೇಡಿಯಂ) ಈ ಅಂಕಿ 4.25. ಆದ್ದರಿಂದ "ಲೋಹದ ಆಕ್ಸೈಡ್ ಹಾಕಿದೆವು, ಫಾಸ್ಫೇಟ್ ಸರಪಳಿ ತುಂಡಾಯಿತು, ಅದಕ್ಕೇ ವಾಹಕತೆ ಏರಿತು" ಎಂಬ ಸಿದ್ಧ ವಾಕ್ಯ ನಿಮ್ಮ ವರದಿಗೆ ಹೊಂದುವುದಿಲ್ಲ. ಸೋಡಿಯಂ ಫಾಸ್ಫೇಟ್ ಗಾಜಿಗೆ ಬರೆದ ವಾಕ್ಯವನ್ನು ವೆನೇಡಿಯಂ ಗಾಜಿಗೆ ಎತ್ತಿಡುವುದು ತುಂಬಾ ಕಡೆ ನಡೆಯುತ್ತಿದೆ. ನೀವು ಮಾಡಬೇಡಿ.

ಕಬ್ಬಿಣದ ಫಾಸ್ಫೇಟ್ ಗಾಜಿನಲ್ಲಿ ಇದೇ ಎಣಿಕೆ ಬಹಳ ಚೆನ್ನಾಗಿ ಕೂಡಿಬರುತ್ತದೆ. 40 ಫೆರಿಕ್ ಆಕ್ಸೈಡ್, 60 ಫಾಸ್ಫರಸ್ ಪೆಂಟಾಕ್ಸೈಡ್ ಇರುವ ಗಾಜನ್ನು ತೆಗೆದುಕೊಳ್ಳಿ: ಆಕ್ಸಿಜನ್ 120 ಮತ್ತು 300, ಒಟ್ಟು 420. ಫಾಸ್ಫರಸ್ 120. ಉತ್ತರ ಸರಿಯಾಗಿ 3.5. ರಾಮನ್ ರೋಹಿತದಲ್ಲೂ (ಲೇಸರ್ ಬೆಳಕು ಚದುರುವುದನ್ನು ನೋಡಿ ಬಂಧಗಳನ್ನು ಗುರುತಿಸುವ ಅಳತೆ) ಪೈರೋಫಾಸ್ಫೇಟ್ ಜೋಡಿಗಳೇ ಎದ್ದು ಕಾಣುತ್ತವೆ. ನೀರಿಗೆ ಬೇಗ ಸೋಲುವ ಫಾಸ್ಫರಸ್–ಆಕ್ಸಿಜನ್–ಫಾಸ್ಫರಸ್ ಸೇತುವೆಗಳ ಜಾಗಕ್ಕೆ ಕಬ್ಬಿಣ–ಆಕ್ಸಿಜನ್–ಫಾಸ್ಫರಸ್ ಸೇತುವೆ ಬಂದಿರುವುದರಿಂದ ಈ ಗಾಜು ನೀರಿಗೆ ಜಗ್ಗುವುದಿಲ್ಲ. ಅಮೆರಿಕದ ಮಿಸ್ಸೌರಿಯಲ್ಲಿ ಡೆಲ್ಬರ್ಟ್ ಡೇ ಮತ್ತು ಸಂಗಡಿಗರು 1990ರ ದಶಕದಲ್ಲಿ ಪರಮಾಣು ತ್ಯಾಜ್ಯವನ್ನು ಬಂಧಿಸಿಡಲು ಈ ಗಾಜನ್ನೇ ಆರಿಸಿಕೊಂಡು ಅಭ್ಯಾಸ ಮಾಡಿದರು. ರಷ್ಯಾದ ಮಾಯಕ್ ಸ್ಥಾವರದಲ್ಲಿ 1987ರಿಂದ ಬಳಸಿದ್ದು ಇನ್ನೊಂದು ಬಗೆ, ಸೋಡಿಯಂ ಅಲ್ಯುಮಿನೋಫಾಸ್ಫೇಟ್ ಗಾಜು. ಫಾಸ್ಫೇಟ್ ಗಾಜು ಅಂದರೆ ನೀರಲ್ಲಿ ಕರಗುವ ದುರ್ಬಲ ಗಾಜು ಎಂದು ಕಲಿತವರು ಇದನ್ನು ನೆನಪಿಟ್ಟುಕೊಳ್ಳಬೇಕು. ಯಾವ ಲೋಹ ಹಾಕಿದಿರಿ ಎಂಬುದರ ಮೇಲೆ ಗಾಜಿನ ಗುಣವೇ ತಿರುಗಿಬಿಡುತ್ತದೆ.

ಈಗ ವಿದ್ಯುತ್ತಿನ ವಿಷಯಕ್ಕೆ ಬರೋಣ. ನಿಮ್ಮ ಮೊದಲ ಗಾಜಿನಲ್ಲಿ ಲಿಥಿಯಂ ಇಲ್ಲ. ಅಲ್ಲಿ ಓಡುವುದು ಎಲೆಕ್ಟ್ರಾನ್ ಮಾತ್ರ. ಡೆಂಟನ್, ರಾಸನ್, ಸ್ಟಾನ್‌ವರ್ತ್ ಎಂಬ ಮೂವರು 1954ರಲ್ಲೇ ವೆನೇಡಿಯಂ ಗಾಜುಗಳು ಅರೆವಾಹಕಗಳು ಎಂದು ತೋರಿಸಿದರು. ಅದು ಹೇಗೆ ನಡೆಯುತ್ತದೆ ಎಂಬುದಕ್ಕೆ 1968ರಲ್ಲಿ ನೆವಿಲ್ ಮಾಟ್ ಲೆಕ್ಕ ಕೊಟ್ಟರು. ಅವರಿಗೆ 1977ರಲ್ಲಿ ನೊಬೆಲ್ ಬಂತು. 4ರ ಸ್ಥಿತಿಯ ವೆನೇಡಿಯಂ ಬಳಿ ಒಂದು ಎಲೆಕ್ಟ್ರಾನ್ ಹೆಚ್ಚಿರುತ್ತದೆ. ಪಕ್ಕದಲ್ಲಿ 5ರ ಸ್ಥಿತಿಯ ವೆನೇಡಿಯಂ ಇದ್ದರೆ ಎಲೆಕ್ಟ್ರಾನ್ ಅಲ್ಲಿಗೆ ಜಿಗಿಯುತ್ತದೆ. 4 ಇದ್ದದ್ದು 5 ಆಗುತ್ತದೆ, 5 ಇದ್ದದ್ದು 4 ಆಗುತ್ತದೆ. ಆದರೆ ಸಲೀಸಾಗಿ ಜಿಗಿಯಲು ಆಗುವುದಿಲ್ಲ. ಎಲೆಕ್ಟ್ರಾನ್ ಒಂದು ಕಡೆ ಕೂತರೆ ಸುತ್ತಲಿನ ಆಕ್ಸಿಜನ್‌ಗಳು ಸ್ವಲ್ಪ ಹಿಂದೆ ಸರಿದು, ಅದಕ್ಕೊಂದು ಗುಂಡಿ ಆಗುತ್ತದೆ. ಕೆಸರುಗದ್ದೆಯಲ್ಲಿ ನಿಂತವರ ಕಾಲು ಹೂತುಹೋಗುವ ಹಾಗೆ. ಪ್ರತಿ ಹೆಜ್ಜೆಗೂ ಕಾಲು ಕಿತ್ತು ಇಡಬೇಕು, ಅದಕ್ಕೆ ಶಕ್ತಿ ಬೇಕು. ಎಲೆಕ್ಟ್ರಾನ್ ಮತ್ತು ಅದರ ಗುಂಡಿ ಎರಡನ್ನೂ ಸೇರಿಸಿ ಸಣ್ಣ ಪೋಲರಾನ್ ಎನ್ನುತ್ತಾರೆ. ಗದ್ದೆಯಲ್ಲಿ ನಾವೇ ಕಾಲು ಕೀಳುತ್ತೇವೆ. ಗಾಜಿನಲ್ಲಿ ಆ ಕೆಲಸ ಉಷ್ಣದ ಕಂಪನದ್ದು: ಪಕ್ಕದ ವೆನೇಡಿಯಂ ಸುತ್ತಲೂ ಒಂದು ಕ್ಷಣ ಅಂಥದೇ ಗುಂಡಿ ಆದಾಗ ಎಲೆಕ್ಟ್ರಾನ್ ದಾಟುತ್ತದೆ. ಅದಕ್ಕೇ ಬಿಸಿ ಮಾಡಿದರೆ ವಾಹಕತೆ ಏರುತ್ತದೆ.

ಮಾಟ್ ಸೂತ್ರದಲ್ಲಿ ಮೂರು ವಿಷಯ ನಿಮಗೆ ಮುಖ್ಯ. ಒಂದು, ವೆನೇಡಿಯಂಗಳ ನಡುವಿನ ದೂರ. ಎರಡು, ದಾಟಲು ಬೇಕಾದ ಶಕ್ತಿ. ಮೂರು, ಸಿ × (1 − ಸಿ) ಎಂಬ ಅಂಶ. ಇಲ್ಲಿ ಸಿ ಅಂದರೆ ಒಟ್ಟು ವೆನೇಡಿಯಂನಲ್ಲಿ 4ರ ಸ್ಥಿತಿಯಲ್ಲಿರುವ ಪಾಲು.

ದೂರವನ್ನು ನೀವೇ ಲೆಕ್ಕ ಹಾಕಬಹುದು. ಮೊದಲ ಗಾಜಿನ ಒಂದು ಮೋಲ್ ತೂಕ ಸುಮಾರು 166 ಗ್ರಾಂ. ಸಾಂದ್ರತೆ ಒಂದು ಘನ ಸೆಂಟಿಮೀಟರಿಗೆ 2.8 ಗ್ರಾಂ ಎಂದು ಇಟ್ಟುಕೊಳ್ಳಿ (ನಿಮ್ಮ ಆರ್ಕಿಮಿಡೀಸ್ ಅಳತೆಯ ಅಂಕಿಯನ್ನು ಇಲ್ಲಿ ಹಾಕಿ). ಒಂದು ಮೋಲ್ ಗಾಜಿನಲ್ಲಿ ವೆನೇಡಿಯಂ 1.2 ಮೋಲ್. ಒಂದು ಘನ ಸೆಂಟಿಮೀಟರಿನಲ್ಲಿ ವೆನೇಡಿಯಂಗಳ ಸಂಖ್ಯೆ 1.22 ಗುಣಿಸು 10ರ 22ನೇ ಘಾತ. ಇದರ ವಿಲೋಮದ ಘನಮೂಲ ತೆಗೆದರೆ ಸರಾಸರಿ ದೂರ 4.3 ಆಂಗ್‌ಸ್ಟ್ರಾಮ್. ಕೊನೆಯ ಗಾಜಿನಲ್ಲಿ ಮೋಲ್ ತೂಕ 105, ಸಾಂದ್ರತೆ 2.5 ಎಂದು ಹಿಡಿದರೆ ದೂರ 5.6 ಆಂಗ್‌ಸ್ಟ್ರಾಮ್. ಬರೀ 1.3 ಆಂಗ್‌ಸ್ಟ್ರಾಮ್ ವ್ಯತ್ಯಾಸ ತಾನೇ ಅನ್ನಿಸಬಹುದು. ಆದರೆ ದೂರ ಸೂತ್ರದಲ್ಲಿ ಘಾತವಾಗಿ ಕೂತಿದೆ. ಜೊತೆಗೆ ದೂರ ಹೆಚ್ಚಾದರೆ ದಾಟುವ ಶಕ್ತಿಯೂ ಏರುತ್ತದೆ. ಆ ಶಕ್ತಿ 0.1 ಎಲೆಕ್ಟ್ರಾನ್ ವೋಲ್ಟ್ ಏರಿದರೂ ಸಾಕು, ಕೋಣೆಯ ಉಷ್ಣತೆಯಲ್ಲಿ ವಾಹಕತೆ ಸುಮಾರು 50 ಪಟ್ಟು ಇಳಿಯುತ್ತದೆ. ನಿಮ್ಮ ಗ್ರಾಫಿನ ಮೊದಲ ಅರ್ಧದ ಇಳಿತಕ್ಕೆ ಇದು ದೊಡ್ಡ ಕಾರಣ. ನೀವು ಲಿಥಿಯಂ ಸೇರಿಸಿದ್ದಷ್ಟೇ ಅಲ್ಲ, ಎಲೆಕ್ಟ್ರಾನ್ ಕಾಲಿಡುವ ಮೆಟ್ಟಿಲುಗಳನ್ನೇ ಕಿತ್ತಿದ್ದೀರಿ.

ಇನ್ನು ಮೂರನೇ ಅಂಶ. ಸಿ × (1 − ಸಿ) ಅತಿ ಹೆಚ್ಚಾಗುವುದು ಸಿ ಅರ್ಧ ಇದ್ದಾಗ. ಕಬ್ಬಿಣದ ಫಾಸ್ಫೇಟ್ ಗಾಜಿನಲ್ಲಿ ಹ್ಯಾನ್ಸೆನ್ ಎಂಬವರು 1965ರಲ್ಲಿ ಒಟ್ಟು ಕಬ್ಬಿಣವನ್ನು ಬದಲಿಸದೆ, ಫೆರಸ್–ಫೆರಿಕ್ ಪಾಲನ್ನು ಮಾತ್ರ ಬದಲಿಸಿ ನೋಡಿದರು. ಎರಡೂ ಹೆಚ್ಚುಕಡಿಮೆ ಸಮ ಇರುವಲ್ಲೇ ವಾಹಕತೆ ಜಾಸ್ತಿ ಇತ್ತು. ಸೂತ್ರ ಒಪ್ಪುತ್ತದೆ. ಆದರೆ ವೆನೇಡಿಯಂ ಫಾಸ್ಫೇಟ್ ಗಾಜಿನಲ್ಲಿ ಲಿನ್ಸ್‌ಲೆ, ಓವೆನ್ ಮತ್ತು ಹಯಾತಿ 1970ರಲ್ಲಿ ಇದನ್ನೇ ಮಾಡಿದಾಗ, 4ರ ಪಾಲು 0.1–0.2 ಇರುವಾಗಲೇ ವಾಹಕತೆ ತುದಿ ಮುಟ್ಟಿತು. ಅರ್ಧ ಬೇಕಾಗಲೇ ಇಲ್ಲ. ಅಂದರೆ 4ರ ಸ್ಥಿತಿಯಲ್ಲಿರುವ ಎಲ್ಲ ವೆನೇಡಿಯಂಗಳೂ ಓಟಕ್ಕೆ ಇಳಿಯುವುದಿಲ್ಲ. ಅವು ಜಾಸ್ತಿಯಾದಂತೆ ಒಂದಷ್ಟು ತಮ್ಮ ನೆರೆಹೊರೆಯ ಜೊತೆ ಸಿಕ್ಕಿಕೊಂಡು ನಿಂತುಬಿಡುತ್ತವೆ. ನನಗೆ ಈ ಫಲಿತಾಂಶ ಇಂದಿಗೂ ಬಹಳ ಇಷ್ಟ. ಒಂದೇ ಬಗೆಯ ಗಾಜು, ಒಂದೇ ಬಗೆಯ ಓಟ, ಆದರೂ ಲೋಹ ಬದಲಾದರೆ ತುದಿಯ ಜಾಗವೇ ಬದಲು. ಸೂತ್ರವನ್ನು ಕಣ್ಣುಮುಚ್ಚಿ ಹಾಕುವವರಿಗೆ ಇದು ಒಳ್ಳೆಯ ತಡೆ.

ನಿಮ್ಮ ಸರಣಿಗೆ ಇದರಿಂದ ಬರುವ ತೊಂದರೆ ಏನು ಗೊತ್ತಾ? ನೀವು ಫಾಸ್ಫೇಟನ್ನು ಯಾವ ರೂಪದಲ್ಲಿ ಹಾಕಿದಿರಿ ಎಂದು ಬರೆದಿಲ್ಲ. ಬಹಳಷ್ಟು ಲ್ಯಾಬ್‌ಗಳಲ್ಲಿ ಹಾಕುವುದು ಅಮೋನಿಯಂ ಡೈಹೈಡ್ರೋಜನ್ ಫಾಸ್ಫೇಟ್. ಅದು ಕಾಯುವಾಗ ಅಮೋನಿಯಾ ಹೊರಡುತ್ತದೆ. ಅಮೋನಿಯಾ ವೆನೇಡಿಯಂ-5ನ್ನು ವೆನೇಡಿಯಂ-4ಕ್ಕೆ ಇಳಿಸುತ್ತದೆ. ನಿಮ್ಮ ಎಲ್ಲ ಮಿಶ್ರಣಗಳಲ್ಲೂ ಫಾಸ್ಫೇಟ್ ಒಂದೇ, ಹಾಗಾಗಿ ಅಮೋನಿಯಾ ಕೂಡ ಒಂದೇ. ವೆನೇಡಿಯಂ ಮಾತ್ರ ಕಡಿಮೆಯಾಗುತ್ತಾ ಹೋಗಿದೆ. ಮೊದಲ ಮಿಶ್ರಣದಲ್ಲಿ 120 ವೆನೇಡಿಯಂಗೆ 80 ಅಮೋನಿಯಂ, ಕೊನೆಯದರಲ್ಲಿ 40 ವೆನೇಡಿಯಂಗೆ ಅದೇ 80. ಒಂದು ವೆನೇಡಿಯಂ ಪಾಲಿಗೆ ಬರುವ ಅಮೋನಿಯಾ ಮೂರು ಪಟ್ಟಾಯಿತು! ಇದು 4ರ ಪಾಲನ್ನು ಏರಿಸುವ ಕಡೆ ಎಳೆಯುತ್ತದೆ. ಇನ್ನೊಂದು ಕಡೆ ಲಿಥಿಯಂ ಆಕ್ಸೈಡ್ ಕ್ಷಾರದ ಗುಣದ್ದು. ಕರಗಿದ ಗಾಜು ಹೆಚ್ಚು ಕ್ಷಾರೀಯವಾದರೆ ಲೋಹಗಳು ಸಾಮಾನ್ಯವಾಗಿ ಮೇಲಿನ ಸ್ಥಿತಿಯಲ್ಲೇ, ಅಂದರೆ 5ರಲ್ಲೇ ಇರಲು ಒಲಿಯುತ್ತವೆ. ಎರಡು ಎಳೆತಗಳಲ್ಲಿ ಗೆದ್ದದ್ದು ಯಾವುದು? ಕೂತು ಯೋಚಿಸಿದರೆ ತಿಳಿಯುವುದಿಲ್ಲ, ಅಳೆಯಲೇಬೇಕು. ಬೆಂಕಿಗೆ ಇಡುವ ಮೊದಲ ಹಂತದಲ್ಲಿ 200ರಿಂದ 400 ಡಿಗ್ರಿ ಸೆಲ್ಸಿಯಸ್ ನಡುವೆ ನಿಧಾನವಾಗಿ ಕಾಯಿಸಿ ಅಮೋನಿಯಾ ಮತ್ತು ನೀರನ್ನು ಕಳೆಯಬೇಕು. ಆತುರಪಟ್ಟರೆ ಮಿಶ್ರಣ ಉಬ್ಬಿ ಮೂಸೆಯಿಂದ ಹೊರಗೆ ಚೆಲ್ಲುತ್ತದೆ, ತೂಕದ ಲೆಕ್ಕ ಅಲ್ಲೇ ಕೆಡುತ್ತದೆ. ಪ್ರತಿ ಮಿಶ್ರಣವನ್ನೂ ಒಂದೇ ಉಷ್ಣತೆಯಲ್ಲಿ ಒಂದೇ ಹೊತ್ತು ಕರಗಿಸಿದ್ದೀರಾ ಎಂದೂ ನೋಡಿಕೊಳ್ಳಿ. ಅಲ್ಯುಮಿನಾ ಮೂಸೆ ಬಳಸಿದ್ದರೆ, ಅದರ ಗೋಡೆಯಿಂದ ಒಂದಿಷ್ಟು ಅಲ್ಯುಮಿನಾ ಗಾಜಿಗೆ ಸೇರಿರುತ್ತದೆ. ವರದಿಯಲ್ಲಿ ಅದನ್ನು ಹೇಳಿಬಿಡಿ.

4ರ ಪಾಲನ್ನು ಅಳೆಯಲು ದೊಡ್ಡ ಯಂತ್ರವೇ ಬೇಕು ಎಂದು ಹೆದರಬೇಡಿ. ನಿಮ್ಮ ಕಾಲೇಜಿನ ರಸಾಯನಶಾಸ್ತ್ರ ಲ್ಯಾಬಿನ ಬ್ಯೂರೆಟ್ ಸಾಕು. ಗಾಜಿನ ಪುಡಿಯನ್ನು ತೂಗಿ, ಸಾರರಿಕ್ತ (ನೀರು ಬೆರೆಸಿ ತೆಳುವಾಗಿಸಿದ) ಸಲ್ಫ್ಯೂರಿಕ್ ಆಮ್ಲದಲ್ಲಿ ಕರಗಿಸಿ. ದ್ರಾವಣದ ಬಣ್ಣವೇ ಅರ್ಧ ಕಥೆ ಹೇಳುತ್ತದೆ. ವೆನೇಡಿಯಂ-5 ಹಳದಿ, ವೆನೇಡಿಯಂ-4 ನೀಲಿ, ಎರಡೂ ಇದ್ದರೆ ಹಸಿರು. ದ್ರಾವಣವನ್ನು ಬೆಚ್ಚಗೆ ಮಾಡಿ, ಪೊಟ್ಯಾಸಿಯಂ ಪರ್ಮಾಂಗನೇಟನ್ನು ಹನಿಹನಿಯಾಗಿ ಬಿಡಿ. ತಣ್ಣಗಿದ್ದರೆ ಕೊನೆಯ ಹಂತದಲ್ಲಿ ಕ್ರಿಯೆ ತೆವಳುತ್ತದೆ. ಹಸಿರು ಮೆಲ್ಲಗೆ ಹಳದಿಗೆ ತಿರುಗುತ್ತದೆ. ಆಮೇಲೆ ಒಂದು ಹನಿಗೆ ಗುಲಾಬಿ ಛಾಯೆ ಬಂದು ನಿಂತರೆ ಅಲ್ಲಿಗೆ ಮುಗಿಯಿತು. ಇದು 4ರ ಲೆಕ್ಕ. ಈಗ ಪಾತ್ರೆಯಲ್ಲಿರುವುದೆಲ್ಲ 5. ಅದೇ ದ್ರಾವಣಕ್ಕೆ ಸಲ್ಫರ್ ಡೈಆಕ್ಸೈಡ್ ಹಾಯಿಸಿದರೆ ಎಲ್ಲವೂ 4ಕ್ಕೆ ಇಳಿದು ಅಪ್ಪಟ ನೀಲಿ ಬರುತ್ತದೆ. ಉಳಿದ ಸಲ್ಫರ್ ಡೈಆಕ್ಸೈಡನ್ನು ಚೆನ್ನಾಗಿ ಕುದಿಸಿ ಓಡಿಸಿ, ಮತ್ತೆ ಪರ್ಮಾಂಗನೇಟ್ ಬಿಡಿ. ಇದು ಒಟ್ಟು ವೆನೇಡಿಯಂ. ಮೊದಲ ಅಳತೆಯನ್ನು ಎರಡನೆಯದರಿಂದ ಭಾಗಿಸಿದರೆ ಸಿ ಕೈಗೆ ಬಂತು. ಕುದಿಸುವುದನ್ನು ಅರ್ಧಕ್ಕೆ ಬಿಟ್ಟರೆ, ಉಳಿದ ಅನಿಲವೂ ಪರ್ಮಾಂಗನೇಟ್ ತಿಂದು ಎರಡನೇ ಅಂಕಿ ಸುಮ್ನೆ ದೊಡ್ಡದಾಗುತ್ತದೆ. ಇದನ್ನೆಲ್ಲ ಫ್ಯೂಮ್ ಹುಡ್ ಒಳಗೇ ಮಾಡಿ.

ಇಪಿಆರ್ (ಕಾಂತಕ್ಷೇತ್ರದಲ್ಲಿ ಒಂಟಿ ಎಲೆಕ್ಟ್ರಾನ್‌ಗಳನ್ನು ಗುರುತಿಸುವ ಅಳತೆ) ಸೌಲಭ್ಯ ಸಿಕ್ಕರೆ ಅದೂ ಒಳ್ಳೆಯದು. ವೆನೇಡಿಯಂ-4ರ ಒಂಟಿ ಎಲೆಕ್ಟ್ರಾನ್ ಅಲ್ಲಿ ಎಂಟು ಗೆರೆಗಳ ಗುಂಪಾಗಿ ಕಾಣುತ್ತದೆ. ವೆನೇಡಿಯಂ ಜಾಸ್ತಿ ಇರುವ ಗಾಜಿನಲ್ಲಿ ಗೆರೆಗಳು ಕರಗಿ ಒಂದೇ ಅಗಲದ ಪಟ್ಟಿಯಾಗುತ್ತವೆ, ಅದಕ್ಕೆ ಗಾಬರಿಯಾಗಬೇಡಿ. ಐಐಟಿ ಬಾಂಬೆ ಮತ್ತು ಐಐಟಿ ಮದ್ರಾಸ್‌ನ ಸೈಫ್ ಕೇಂದ್ರಗಳು (ದೊಡ್ಡ ಅಳತೆ ಯಂತ್ರಗಳಿರುವ ಸಾಮೂಹಿಕ ಸೌಲಭ್ಯಗಳು) ಹೊರಗಿನ ವಿದ್ಯಾರ್ಥಿಗಳ ಮಾದರಿಗಳನ್ನೂ ಶುಲ್ಕ ಪಡೆದು ಅಳೆದುಕೊಡುತ್ತವೆ. ನಮ್ಮಲ್ಲೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆ.ಜೆ. ರಾವ್ ಮತ್ತು ಅವರ ವಿದ್ಯಾರ್ಥಿಗಳು ಫಾಸ್ಫೇಟ್ ಗಾಜುಗಳ ರಚನೆ ಮತ್ತು ಅಯಾನುಗಳ ಓಟದ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಕಲಬುರಗಿಯ ಗುಲ್ಬರ್ಗಾ ವಿಶ್ವವಿದ್ಯಾಲಯ ಮತ್ತು ಬೆಂಗಳೂರು ವಿಶ್ವವಿದ್ಯಾಲಯದ ಭೌತಶಾಸ್ತ್ರ ವಿಭಾಗಗಳಿಂದಲೂ ವೆನೇಡಿಯಂ ಗಾಜುಗಳ ಬಗ್ಗೆ ಸಾಕಷ್ಟು ಪ್ರಬಂಧಗಳು ಬಂದಿವೆ. ವರದಿ ಬರೆಯುವ ಮುಂಚೆ ಅವನ್ನು ಓದಿ.

ಈಗ ಗ್ರಾಫಿನ ಇನ್ನೊಂದು ಅರ್ಧ, ಅಂದರೆ ಏರಿಕೆ. ಲಿಥಿಯಂ ಸಾಕಷ್ಟು ಆದ ಮೇಲೆ ಅಯಾನುಗಳೇ ಓಡಲು ಶುರುಮಾಡುತ್ತವೆ. ಸೇತುವೆ ತುಂಡಾದ ಆಕ್ಸಿಜನ್‌ಗಳ ಬಳಿ ಲಿಥಿಯಂ ಕೂತಿರುತ್ತದೆ. ಅಲ್ಲಿಂದ ಎದ್ದು ಮುಂದಿನ ಜಾಗಕ್ಕೆ ಹೋಗಬೇಕಾದರೆ ಎರಡು ಬಗೆಯ ಶಕ್ತಿ ಬೇಕು ಎಂದು ಆಂಡರ್ಸನ್ ಮತ್ತು ಸ್ಟುವರ್ಟ್ 1954ರಲ್ಲಿ ಹೇಳಿದರು: ಆಕ್ಸಿಜನ್ನಿನ ಸೆಳೆತ ಬಿಡಿಸಿಕೊಳ್ಳಲು ಒಂದು, ನಡುವಿನ ಕಿರಿದಾದ ಬಾಗಿಲನ್ನು ಅಗಲಿಸಲು ಇನ್ನೊಂದು. (ಇವರು ಮಾಟ್ ಜೊತೆ ನೊಬೆಲ್ ಪಡೆದ ಆಂಡರ್ಸನ್ ಅಲ್ಲ.) ಬಾಗಿಲು ಎಷ್ಟು ಮುಖ್ಯ ಎಂಬುದನ್ನು ಬೆಳ್ಳಿ ಫಾಸ್ಫೇಟ್ ಗಾಜು ಚೆನ್ನಾಗಿ ತೋರಿಸುತ್ತದೆ. ಬೆಳ್ಳಿ ಮೆಟಾಫಾಸ್ಫೇಟ್ ಗಾಜಿನ ವಾಹಕತೆ ಕೋಣೆಯ ಉಷ್ಣತೆಯಲ್ಲಿ ಸುಮಾರು 10ರ ಮೈನಸ್ 7ನೇ ಘಾತ ಸೀಮೆನ್ಸ್ ಪ್ರತಿ ಸೆಂಟಿಮೀಟರ್. ಅದಕ್ಕೆ ಅರ್ಧಕ್ಕಿಂತ ಹೆಚ್ಚು ಸಿಲ್ವರ್ ಅಯೋಡೈಡ್ ಬೆರೆಸಿದರೆ ಅದು ಮೈನಸ್ 2ನೇ ಘಾತಕ್ಕೆ ಹಾರುತ್ತದೆ! ದೊಡ್ಡ ಅಯೋಡೈಡ್ ಅಯಾನುಗಳು ಜಾಲವನ್ನು ಅಗಲಿಸುತ್ತವೆ, ಬೆಳ್ಳಿಯನ್ನು ಗಟ್ಟಿಯಾಗಿ ಹಿಡಿದುಕೊಳ್ಳುವುದೂ ಇಲ್ಲ. ಲಿಥಿಯಂಗೆ ಆ ಭಾಗ್ಯ ಇಲ್ಲ. ಲಿಥಿಯಂ ಮೆಟಾಫಾಸ್ಫೇಟ್ ಗಾಜು ಮೈನಸ್ 9ನೇ ಘಾತದ ಆಸುಪಾಸಿನಲ್ಲೇ ಇರುತ್ತದೆ.

ಹಾಗಾದರೆ ನಡುವೆ ಕಣಿವೆ ಯಾಕೆ ಅಷ್ಟು ಆಳ? ಎಲೆಕ್ಟ್ರಾನ್ ಓಟ ಇಳಿಯಿತು, ಅಯಾನು ಓಟ ಇನ್ನೂ ಏರಿಲ್ಲ ಎನ್ನುವುದು ಮೊದಲ ಉತ್ತರ. ಆದರೆ ಎರಡನ್ನೂ ಸುಮ್ಮನೆ ಕೂಡಿಸಿದರೆ ಬರುವುದಕ್ಕಿಂತ ಆಳವಾದ ಕಣಿವೆಗಳು ಕೆಲವು ಗಾಜುಗಳಲ್ಲಿ ಕಂಡಿವೆ. 1996ರಲ್ಲಿ ಅಬರ್ಡೀನ್‌ನ ಮಾಲ್ಕಮ್ ಇಂಗ್ರಾಮ್ ಮತ್ತು ಸಂಗಡಿಗರು ಟಂಗ್‌ಸ್ಟನ್ ಫಾಸ್ಫೇಟ್ ಗಾಜುಗಳಲ್ಲಿ ಇದನ್ನು ಗಮನಿಸಿ, ಅಯಾನು ಮತ್ತು ಪೋಲರಾನ್ ಒಂದನ್ನೊಂದು ಹಿಡಿದುಕೊಳ್ಳುತ್ತವೆಯೇ ಎಂದು ಕೇಳಿದರು. ಪೋಲರಾನ್‌ಗೆ ಋಣ ವಿದ್ಯುದಂಶ, ಅಯಾನಿಗೆ ಧನ. ಜೋಡಿಯಾಗಿಬಿಟ್ಟರೆ ಎರಡೂ ನಿಧಾನ. ಜೋಡಿ ಒಟ್ಟಿಗೇ ಸರಿದರೂ ಒಟ್ಟು ವಿದ್ಯುದಂಶ ಸೊನ್ನೆ, ಪ್ರವಾಹಕ್ಕೆ ಏನೂ ಸೇರುವುದಿಲ್ಲ. ನನಗಂತೂ ಈ ವಿವರಣೆ ಮನಸ್ಸಿಗೆ ಒಪ್ಪುತ್ತದೆ. ಆದರೂ ನಿಮ್ಮ ಸರಣಿಯಲ್ಲಿ ಇದನ್ನು ಹೇಳುವ ಮುಂಚೆ ದೂರ ಮತ್ತು 4ರ ಪಾಲು, ಇವೆರಡರಿಂದ ಎಷ್ಟು ಇಳಿತ ಬರುತ್ತದೆ ಎಂದು ಕಳೆಯಿರಿ. ಆಮೇಲೂ ಇಳಿತ ಉಳಿದರೆ ಮಾತ್ರ ಜೋಡಿಯ ಮಾತು.

ಯಾವ ಗಾಜಿನಲ್ಲಿ ಯಾರು ಓಡುತ್ತಿದ್ದಾರೆ ಎಂದು ಇಂಪಿಡೆನ್ಸ್ ಗ್ರಾಫಿನಲ್ಲೇ (ಆವೃತ್ತಿ ಬದಲಿಸುತ್ತಾ ಅಳೆದ ಎ.ಸಿ. ತಡೆಯ ಗ್ರಾಫ್) ಕಾಣುತ್ತದೆ. ಎಲೆಕ್ಟ್ರಾನ್ ಮಾತ್ರ ಓಡುತ್ತಿದ್ದರೆ ಅರ್ಧವೃತ್ತ ಬಂದು ಅಡ್ಡ ಅಕ್ಷಕ್ಕೆ ಮುಟ್ಟಿ ನಿಲ್ಲುತ್ತದೆ. ಅಯಾನು ಮಾತ್ರ ಆದರೆ ಅರ್ಧವೃತ್ತದ ನಂತರ ಕಡಿಮೆ ಆವೃತ್ತಿಯ ಕಡೆ ಓರೆಯಾದ ಬಾಲ ಮೇಲೇಳುತ್ತದೆ. ಲಿಥಿಯಂ ಅಯಾನು ಲೋಹದ ಎಲೆಕ್ಟ್ರೋಡ್ ದಾಟಲಾರದೆ ಅಲ್ಲಿ ಗುಂಪುಗೂಡುವುದರಿಂದ ಆ ಬಾಲ. ಎರಡೂ ಇದ್ದರೆ ಬಾಲ ಮೇಲೆದ್ದು ಬಾಗಿ, ಎರಡನೇ ಕಮಾನಾಗಿ ಮತ್ತೆ ಅಕ್ಷಕ್ಕೆ ಇಳಿಯುತ್ತದೆ. ಇದನ್ನು ಖಚಿತ ಮಾಡಿಕೊಳ್ಳಲು ಸಣ್ಣ ನೇರ ವೋಲ್ಟೇಜ್ ಕೊಟ್ಟು ಪ್ರವಾಹವನ್ನು ಸಾಕಷ್ಟು ಹೊತ್ತು ನೋಡಿ. ಅಯಾನುಗಳು ಎಲೆಕ್ಟ್ರೋಡ್ ಬಳಿ ಸಿಕ್ಕಿಕೊಂಡಂತೆ ಪ್ರವಾಹ ಇಳಿಯುತ್ತದೆ. ಕೊನೆಗೆ ನಿಂತ ಪ್ರವಾಹವನ್ನು ಮೊದಲ ಕ್ಷಣದ ಪ್ರವಾಹದಿಂದ ಭಾಗಿಸಿದರೆ ಎಲೆಕ್ಟ್ರಾನ್‌ನ ಪಾಲು. ಈ ಒಂದು ಅಂಕಿಯನ್ನು ಸರಣಿಯ ಎಲ್ಲ ಗಾಜುಗಳಿಗೂ ಕೊಟ್ಟರೆ ನಿಮ್ಮ ವರದಿಯ ತೂಕವೇ ಬೇರೆ.

ಅಳತೆಯಲ್ಲಿ ನೋಡಿಕೊಳ್ಳಬೇಕಾದ್ದು ತೇವ. ಲಿಥಿಯಂ ಜಾಸ್ತಿ ಇರುವ ಫಾಸ್ಫೇಟ್ ಗಾಜಿನ ಮೈಮೇಲೆ ನೀರಿನ ಪದರ ಕೂತರೆ ಪ್ರವಾಹ ಒಳಗಿಂದ ಹೋಗದೆ ಮೇಲಿಂದಲೇ ಹರಿಯುತ್ತದೆ. ಆಗ ನೀವು ಕಂಡ ಏರಿಕೆ ಗಾಜಿನದ್ದಲ್ಲ, ನೀರಿನದ್ದು! ಮಾದರಿಯನ್ನು ನಿರ್ವಾತದಲ್ಲಿ ಅಥವಾ ಒಣ ಸಾರಜನಕದಲ್ಲಿ ಕಾಯಿಸಿ, ಉಷ್ಣತೆ ಇಳಿಯುವಾಗಿನ ಅಳತೆಯನ್ನು ತೆಗೆದುಕೊಳ್ಳಿ. ಏರುವಾಗಿನದ್ದು, ಇಳಿಯುವಾಗಿನದ್ದು ಬೇರೆ ಬೇರೆ ಬಂದರೆ ತೇವ ಇತ್ತು ಎಂದೇ ಅರ್ಥ. ಶಕ್ತಿಯ ಲೆಕ್ಕದಲ್ಲೂ ಒಂದು ಎಚ್ಚರ ಬೇಕು. ವಾಹಕತೆ ಗುಣಿಸು ಉಷ್ಣತೆಯ ಲಾಗ್ ಅನ್ನು 1000 ಭಾಗಿಸು ಕೆಲ್ವಿನ್ ಉಷ್ಣತೆಗೆ ಎದುರಾಗಿ ಎಳೆದಾಗ ಬರುವ ಓರೆಯನ್ನು ಸಹಜ ಲಾಗ್ ಆದರೆ 0.0862ರಿಂದ ಗುಣಿಸಬೇಕು, 10ರ ಲಾಗ್ ಆದರೆ 0.198ರಿಂದ. ಇದು ಅದಲುಬದಲಾದರೆ ಶಕ್ತಿ 2.3 ಪಟ್ಟು ತಪ್ಪುತ್ತದೆ. ವೆನೇಡಿಯಂ ಹೆಚ್ಚಿರುವ ಗಾಜಿಗೆ 0.3ರಿಂದ 0.5 ಎಲೆಕ್ಟ್ರಾನ್ ವೋಲ್ಟ್ ಒಳಗೆ ಬಂದರೆ ಸರಿಯಾದ ದಾರಿಯಲ್ಲಿದ್ದೀರಿ. 1 ದಾಟಿದರೆ ಮೊದಲು ಲಾಗ್ ನೋಡಿ.

ಇನ್‌ಫ್ರಾರೆಡ್ ಪಟ್ಟಿಗಳನ್ನು ಬೇಗ ಮುಗಿಸುತ್ತೇನೆ, ಯಾಕೆಂದರೆ ನಿಮ್ಮ ಗಾಜಿನಲ್ಲಿ ಅವು ಹೇಳುವುದು ಕಡಿಮೆ. ಅಲೆಸಂಖ್ಯೆಯನ್ನು ಪ್ರತಿ ಸೆಂಟಿಮೀಟರಿಗೆ ಎಷ್ಟು ಎಂಬ ಲೆಕ್ಕದಲ್ಲಿ ಹೇಳುತ್ತಿದ್ದೇನೆ. 1250–1300ರ ಪಟ್ಟಿ ಸರಪಳಿ ಫಾಸ್ಫೇಟ್‌ನ ಸೇತುವೆಯಲ್ಲದ ಆಕ್ಸಿಜನ್‌ಗಳದ್ದು. 900ರ ಹತ್ತಿರದ್ದು ಮತ್ತು 700–770ರದ್ದು ಫಾಸ್ಫರಸ್–ಆಕ್ಸಿಜನ್–ಫಾಸ್ಫರಸ್ ಸೇತುವೆಯದ್ದು. 500ರ ಸುತ್ತಲಿನದ್ದು ಬಾಗುವ ಕಂಪನ. ವೆನೇಡಿಯಂ ಪೆಂಟಾಕ್ಸೈಡ್ ಹರಳಿನಲ್ಲಿ ವೆನೇಡಿಯಂ–ಆಕ್ಸಿಜನ್ ಜೋಡಿಬಂಧದ ಪಟ್ಟಿ 1020ರ ಹತ್ತಿರ ಬರುತ್ತದೆ. ಲಿಥಿಯಂನಂಥ ಕ್ಷಾರ ಲೋಹ ಸೇರಿದಂತೆ ಅದು ಕೆಳಗೆ ಸರಿಯುತ್ತದೆ. ತೊಂದರೆ ಏನೆಂದರೆ 1000–1100ರ ನಡುವೆ ಫಾಸ್ಫೇಟ್ ಕೂಡ ಪಟ್ಟಿ ಹಾಕುತ್ತದೆ. ಒಂದರ ಮೇಲೊಂದು ಬಿದ್ದಿರುವಲ್ಲಿ "ಇದು ವೆನೇಡಿಯಂದು" ಎಂದು ಬೆರಳಿಟ್ಟು ತೋರಿಸುವುದು ಸರಿಯಲ್ಲ. ಸರಣಿಯುದ್ದಕ್ಕೂ ಒಂದು ಪಟ್ಟಿ ಯಾವ ಕಡೆ ಸರಿಯಿತು, ದಪ್ಪ ಆಯಿತೋ ಸಣ್ಣ ಆಯಿತೋ ಎಂಬುದನ್ನು ಮಾತ್ರ ಹೇಳಿ. 3400 ಮತ್ತು 1640ರ ಪಟ್ಟಿಗಳು ನೀರಿನವು. ಅದು ನಿಮ್ಮ ಗಾಜಿನದೂ ಇರಬಹುದು, ಬಿಲ್ಲೆ ಒತ್ತಲು ಗಾಜಿನ ಪುಡಿಗೆ ಬೆರೆಸುವ ಪೊಟ್ಯಾಸಿಯಂ ಬ್ರೋಮೈಡ್ ಪುಡಿ ಹೀರಿದ್ದೂ ಇರಬಹುದು. ಬರೀ ಬ್ರೋಮೈಡ್ ಬಿಲ್ಲೆಯ ರೋಹಿತವನ್ನು ಮೊದಲು ತೆಗೆದು ಪಕ್ಕದಲ್ಲಿಡಿ. ರಾಮನ್ ಸಿಕ್ಕರೆ ಅದನ್ನೇ ನೆಚ್ಚಿಕೊಳ್ಳಿ, ಪುಡಿ ಬೆರೆಸುವ ಗೋಜಿಲ್ಲ.

ಕೊನೆಯದು ಬ್ಯಾಟರಿ. ಇದಕ್ಕೆ ಉತ್ತರ ಬ್ಯಾಟರಿಯ ಯಾವ ಭಾಗ ಎಂಬುದರ ಮೇಲಿದೆ. ಎರಡು ಎಲೆಕ್ಟ್ರೋಡ್‌ಗಳ ನಡುವಿನ ಎಲೆಕ್ಟ್ರೊಲೈಟ್ ಆಗಿ ನಿಮ್ಮ ಗಾಜು ಬರುವುದಿಲ್ಲ. ಅಲ್ಲಿ ಅಯಾನು ಮಾತ್ರ ದಾಟಬೇಕು. ಎಲೆಕ್ಟ್ರಾನ್ ದಾಟಿದರೆ ಬ್ಯಾಟರಿ ಸುಮ್ಮನೆ ಇಟ್ಟಲ್ಲೇ ಖಾಲಿಯಾಗುತ್ತದೆ. ಆ ಕೆಲಸಕ್ಕೆ ಬಂದ ಫಾಸ್ಫೇಟ್ ಗಾಜು ಲಿಪಾನ್. ಅಮೆರಿಕದ ಓಕ್ ರಿಡ್ಜ್ ರಾಷ್ಟ್ರೀಯ ಪ್ರಯೋಗಾಲಯದಲ್ಲಿ ಜಾನ್ ಬೇಟ್ಸ್ ತಂಡ 1990ರ ದಶಕದ ಆರಂಭದಲ್ಲಿ ಲಿಥಿಯಂ ಫಾಸ್ಫೇಟನ್ನು ಸಾರಜನಕದಲ್ಲಿ ಸ್ಪಟರ್ ಮಾಡಿ (ಅಯಾನುಗಳಿಂದ ಹೊಡೆದು ಪರಮಾಣುಗಳನ್ನು ಎಬ್ಬಿಸಿ ತೆಳು ಪದರವಾಗಿ ಕೂರಿಸಿ) ಅದನ್ನು ಪಡೆಯಿತು. ಕೆಲವು ಆಕ್ಸಿಜನ್ ಜಾಗಕ್ಕೆ ಸಾರಜನಕ ಕೂತು, ಫಾಸ್ಫೇಟ್‌ಗಳನ್ನು ಮತ್ತೆ ಬೆಸೆಯುತ್ತದೆ. ವಾಹಕತೆ ಕೋಣೆಯ ಉಷ್ಣತೆಯಲ್ಲಿ ಸುಮಾರು 2 ಗುಣಿಸು 10ರ ಮೈನಸ್ 6ನೇ ಘಾತ. ದ್ರವ ಎಲೆಕ್ಟ್ರೊಲೈಟ್ ಮುಂದೆ ಇದು ಕಡಿಮೆಯೇ. ಆದರೆ ಪದರ ಒಂದೆರಡು ಮೈಕ್ರಾನ್ ಅಷ್ಟೇ ಇರುವುದರಿಂದ ಸಾಕಾಗುತ್ತದೆ. ಅದರಲ್ಲಿ ಸ್ಥಿತಿ ಬದಲಿಸುವ ಲೋಹ ಒಂದೂ ಇಲ್ಲ, ಎಲೆಕ್ಟ್ರಾನ್ ಜಿಗಿಯಲು ಮೆಟ್ಟಿಲೇ ಇಲ್ಲ.

ಕ್ಯಾಥೋಡ್ ಆಗಿ ಮಾತ್ರ ನಿಮ್ಮ ಗಾಜಿನ ಕಥೆ ಬೇರೆ. ಅಲ್ಲಿ ಅಯಾನೂ ಬೇಕು, ಎಲೆಕ್ಟ್ರಾನೂ ಬೇಕು, ಲಿಥಿಯಂ ಒಳಗೆ ಬಂದಾಗ ಸ್ಥಿತಿ ಬದಲಿಸಿ ಜಾಗ ಕೊಡುವ ಲೋಹವೂ ಬೇಕು. ವೆನೇಡಿಯಂ ಫಾಸ್ಫೇಟ್ ಗಾಜನ್ನು ಲಿಥಿಯಂ ಬ್ಯಾಟರಿಯ ಕ್ಯಾಥೋಡ್ ಆಗಿ ಜಪಾನಿನಲ್ಲಿ 1980ರ ದಶಕದಲ್ಲೇ ಪರೀಕ್ಷಿಸಿದ್ದಾರೆ. ಹಾಗೆ ನೋಡಿದರೆ ನಿಮ್ಮ ಸರಣಿಯಲ್ಲಿ ಕಣಿವೆಯ ತಳದ ಗಾಜು ಎರಡಕ್ಕೂ ಬಾರದ್ದು. ಕಣಿವೆಗಿಂತ ಮುಂಚಿನ, ವೆನೇಡಿಯಂ ಹೆಚ್ಚಿರುವ ಗಾಜುಗಳನ್ನು ಕ್ಯಾಥೋಡ್‌ಗೆ ಪ್ರಯತ್ನಿಸಬಹುದು. ಅದಕ್ಕೂ ಮುಂಚೆ ಬ್ಯೂರೆಟ್ ಹಿಡಿದು ಆ ಗಾಜುಗಳಲ್ಲಿ 4ರ ಪಾಲು ಎಷ್ಟಿದೆ ಎಂದು ನೋಡಿ. 4ಕ್ಕೆ ಈಗಾಗಲೇ ಇಳಿದಿರುವ ವೆನೇಡಿಯಂ ಬಳಿ ಹೊಸ ಲಿಥಿಯಂ ಜೊತೆ ಬರುವ ಎಲೆಕ್ಟ್ರಾನ್‌ಗೆ ಅಷ್ಟು ಜಾಗ ಕಡಿಮೆ.